ಮಾತಿಗೆ ಐದು ಹುಣಸೆ ಬೀಜ

ಹುಡುಗಿ ಎದ್ದು ನಿಲ್ಲುತ್ತಾಳೆ. ವೇಲಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಾಳೆ. ಕಣ್ಣು ಕರಿಹಲಗೆಯ ಮೂಲೆಯಲ್ಲಿ ಬರೆದ ತಾರೀಖಿನ ಮೇಲೆ. ‘ಮೈಸೆಲ್ಫ್’ ಎಂದು ಶುರುವಾದ ಮಾತು ಊರು, ತಾಲ್ಲೂಕು, ಜಿಲ್ಲೆ ದಾಟಿ, ‘ಮೈ ಫಾದರ್ ಈಸ್ ಎ ಫಾರ್ಮರ್, ಮೈ ಮದರ್ ಈಸ್ ಎ ಹೌಸ್‌ವೈಫ್’ ಎಂಬಲ್ಲಿಗೆ ಬಂದು, ‘ಮೈ ಹಾಬೀಸ್ ಆರ್ ಲಿಸನಿಂಗ್ ಮ್ಯೂಸಿಕ್’ ಎಂದು ಮುಗಿಯುತ್ತದೆ. ಉಸಿರು ಬಿಟ್ಟು ಕೂರಲು ಹೋಗುತ್ತಾಳೆ.

‘ಇರಮ್ಮ, ಒಂದ್ನಿಮಿಷ ನಿಂತಿರು. ಅಮ್ಮ ಮನೇಲೇ ಇರ್ತಾರಾ?’

‘ಹೂಂ ಮೇಡಂ.’

‘ಇವತ್ತು ಬೆಳಿಗ್ಗೆ ಏನ್ ಮಾಡಿದ್ರು?’

‘ಹಾಲು ಕರ್ದು ಡೈರಿಗೆ ಹಾಕಿ ಬಂದ್ರು. ಆಮೇಲೆ ಶೇಂಗಾ ಹೊಲಕ್ಕೆ ಕಳೆ ತೆಗೆಯಕ್ಕೆ ಹೋದ್ರು.’

‘ಅಷ್ಟೇನಾ?’

‘ಸಂಘದ ಪುಸ್ತಕ ನೋಡ್ಕೋತಾರೆ. ಅವ್ರು ಲೆಕ್ಕ ಹೇಳ್ತಾರೆ, ನಾನು ಬರ್ಕೊಡ್ತೀನಿ. ಯಾರಾದ್ರೂ ಕಂತು ಕಟ್ಟದೇ ಹೋದ್ರೆ ಇಬ್ರೂ ಅವ್ರ ಮನೆಗೆ ಹೋಗ್ತೀವಿ.’

‘ಹೋಗಿ ಏನಂತ ಕೇಳ್ತೀರಿ?’

ವೇಲು ಯಾವಾಗಲೋ ಕೈಯಿಂದ ಜಾರಿದೆ. ‘ಹೋದ ತಕ್ಷಣ ದುಡ್ಡಿನ ಮಾತು ಎತ್ತಲ್ಲ ಮೇಡಂ. ಎಮ್ಮೆ ಹೆಂಗೈತೆ, ಮಗೂಗೆ ಜ್ವರ ಬಿಡ್ತಾ ಅಂತ ಮಾತಾಡ್ತೀವಿ. ಸ್ವಲ್ಪ ಹೊತ್ತಿಗೆ ಅವ್ರೇ ಕಂತಿನ ವಿಷ್ಯ ತೆಗೀತಾರೆ. ಪೂರ್ತಿ ಇಲ್ಲ ಅಂದ್ರೆ ಅರ್ಧ ಕಟ್ಟಿ, ಉಳಿದಿದ್ದು ಹಾಲಿನ ಬಟವಾಡೆ ಆದ್ಮೇಲೆ ಕೊಡಿ ಅಂತೀವಿ. ಬೇರೆಯವ್ರ ಎದ್ರಿಗೆ ಮಾತ್ರ ಕೇಳಲ್ಲ. ಮರ್ಯಾದೆ ಪ್ರಶ್ನೆ ಅಲ್ವಾ?’

ಮೇಡಂ ಬೋರ್ಡಿನ ಕಡೆ ತಿರುಗಿ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತಾರೆ. ಲೆಕ್ಕ ಬರೆಯುವುದು. ಕಂತು ಬಾಕಿ ಇದ್ದವರ ಮನೆಗೆ ಹೋಗುವುದು. ಅರ್ಧಕ್ಕೆ ಒಪ್ಪಿಸುವುದು. ನಾಲ್ಕು ಜನರೆದುರು ಕೇಳದಿರುವುದು. ಆಮೇಲೆ ಕೇಳುತ್ತಾರೆ, ‘ಇಷ್ಟೆಲ್ಲ ಇದ್ದೂ ಹೌಸ್‌ವೈಫ್ ಅಂತ ಒಂದೇ ಮಾತಲ್ಲಿ ಮುಗಿಸಿದ್ಯಲ್ಲ, ಯಾಕೆ?’

‘ಎಲ್ರೂ ಹಂಗೇ ಹೇಳ್ತಾರೆ ಮೇಡಂ. ಯೂಟ್ಯೂಬ್‌ನಲ್ಲೂ ಹಂಗೇ ಐತೆ.’

ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದು. ಮಧ್ಯಾಹ್ನದ ಕೊನೆಯ ಪೀರಿಯಡ್ಡು. ಪಡುವಣ ಕಿಟಕಿಗಳ ಬಿಸಿಲು ಬೆಂಚುಗಳ ಮೇಲೆ ಅಡ್ಡಡ್ಡ ಬಿದ್ದಿದೆ. ಎಡಗಡೆ ಹುಡುಗಿಯರ ಸಾಲು, ಬಲಗಡೆ ಹುಡುಗರದು. ನಡುವಿನ ಓಣಿ ದಾಟಿ ಮಾತಾಡುವ ರೂಢಿ ಇಲ್ಲಿಲ್ಲ. ಬಿ.ಎ., ಬಿ.ಕಾಂ. ಕೊನೆಯ ವರ್ಷದವರನ್ನು ಒಟ್ಟಿಗೆ ಕೂರಿಸಿದ್ದರಿಂದ ಒಂದೊಂದು ಬೆಂಚಿಗೆ ನಾಲ್ವರು ಒತ್ತಿಕೊಂಡಿದ್ದಾರೆ. ವೇಳಾಪಟ್ಟಿಯಲ್ಲಿ ಈ ಹೊತ್ತಿಗೆ ‘ಸಾಫ್ಟ್ ಸ್ಕಿಲ್ಸ್’ ಎಂದು ಬರೆದಿದೆ. ಪಾಠ ಮಾಡುವವರು ಇಂಗ್ಲಿಷ್ ವಿಭಾಗದ ಅತಿಥಿ ಉಪನ್ಯಾಸಕಿ. ಬೆಳಗಿನಿಂದ ವ್ಯಾಕರಣ, ಗದ್ಯ, ಪದ್ಯ ಎಲ್ಲ ಮುಗಿಸಿ ಗಂಟಲು ಒಣಗಿದ ಮೇಲೆ ಅವರಿಗೆ ಈ ತರಗತಿ ಸಿಗುತ್ತದೆ. ಆದರೂ ಇಡೀ ದಿನದಲ್ಲಿ ಅವರು ಅತಿ ಕಡಿಮೆ ಮಾತಾಡುವುದು ಇಲ್ಲಿಯೇ. ಹಾಗೆಂದು ಅವರೇ ನಿರ್ಧರಿಸಿಕೊಂಡಿದ್ದಾರೆ.

ಕೂತವರಲ್ಲಿ ಕೆಲವರಿಗೆ ಮನೆಯ ಮಾತು ತೆಲುಗು. ತಾಂಡಾದಿಂದ ಬರುವವರಿಗೆ ಲಂಬಾಣಿ, ಪೇಟೆಯ ಕೆಲವರಿಗೆ ಉರ್ದು. ಕನ್ನಡ ಶಾಲೆಗೆ ಬಂದಮೇಲೆ ಗಟ್ಟಿಯಾದದ್ದು. ಹೀಗಾಗಿ ಇವರಲ್ಲಿ ಹಲವರಿಗೆ ಇಂಗ್ಲಿಷ್ ಮೂರನೆಯ ಭಾಷೆ. ಕುರಿ ಸಂತೆಯಲ್ಲಿ ದಲ್ಲಾಳಿಯ ಜತೆ ವ್ಯಾಪಾರ ಕುದುರಿಸುವ ಹುಡುಗ ಇಲ್ಲಿದ್ದಾನೆ. ಎಪಿಎಂಸಿಯಲ್ಲಿ ಈರುಳ್ಳಿ ಲಾಟಿನ ಪಕ್ಕ ನಿಂತು ಅಪ್ಪನ ಪರವಾಗಿ ದರ ಒಪ್ಪುವವನಿದ್ದಾನೆ. ಅಜ್ಜಿಯನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ಚೀಟಿ ಮಾಡಿಸಿ, ವಾರ್ಡಿನಿಂದ ವಾರ್ಡಿಗೆ ವಿಚಾರಿಸಿಕೊಂಡು ಬಂದವಳಿದ್ದಾಳೆ. ಜನರೊಡನೆ ವ್ಯವಹರಿಸುವುದು ಇವರಿಗೆ ಹೊಸದೇನಲ್ಲ. ಮೇಜಿನ ಆಚೆ ಕುರ್ಚಿ ಹಾಕಿಕೊಂಡು ಕೂತವರ ಮುಂದೆ ಆ ತಿಳಿವಳಿಕೆ ನಾಲಿಗೆಗೆ ಬರುವುದಿಲ್ಲ, ತೊಡಕಿರುವುದು ಅಲ್ಲಿ. ಒಂದನೇ ತರಗತಿಯಿಂದ ಇಲ್ಲಿಯತನಕ ಮಾತಾಡಿದ್ದಕ್ಕೆ ಬೈಸಿಕೊಂಡು, ಸುಮ್ಮನಿದ್ದುದಕ್ಕೆ ಜಾಣ ಎನ್ನಿಸಿಕೊಂಡು ಬಂದವರಿಗೆ ಡಿಗ್ರಿಯ ಕೊನೆಯ ವರ್ಷ ‘ಎದ್ದು ಮಾತಾಡಿ’ ಎಂದರೆ ಬಾಯಿಪಾಠವಲ್ಲದೆ ಇನ್ನೇನು ಬಂದೀತು? ಹಾಗಾಗಿ ಈ ತರಗತಿಯ ಮೊದಲ ಪಾಠ ಮೇಷ್ಟ್ರಿಗೇ ಸಲ್ಲಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಅವರು ಕೇಳಿಸಿಕೊಳ್ಳಲು ಕಲಿತರೆ ಮಕ್ಕಳಿಗೆ ಮಾತು ತಾನಾಗಿ ಬರುತ್ತದೆ.

ಇಂಥ ಪಾಠವೊಂದು ಬೇಕು ಎಂಬ ವಿಚಾರಕ್ಕೆ ಅರ್ಧ ಶತಮಾನಕ್ಕೂ ಮೀರಿದ ವಯಸ್ಸಾಗಿದೆ. 1972ರಲ್ಲಿ ಟೆಕ್ಸಾಸ್‌ನ ಫೋರ್ಟ್ ಬ್ಲಿಸ್‌ನಲ್ಲಿ ಅಮೆರಿಕದ ಸೇನೆ ಇದಕ್ಕಾಗಿಯೇ ಸಮಾವೇಶ ನಡೆಸಿತ್ತು. ಟ್ಯಾಂಕು, ಬಂದೂಕುಗಳನ್ನು ನಡೆಸುವುದನ್ನು ಹಂತ ಹಂತವಾಗಿ ಕಲಿಸಬಹುದು, ಆದರೆ ತುಕಡಿಯ ಜನರನ್ನು ನಡೆಸಿಕೊಳ್ಳುವುದನ್ನು ಕಲಿಸುವ ಬಗೆ ಯಾವುದು ಎಂಬುದು ಅವರನ್ನು ಕಾಡಿದ ಪ್ರಶ್ನೆ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲಗಳ ಪಟ್ಟಿ ಕೊಟ್ಟಿತು. ಸಂವಹನದ ಜತೆಗೆ ಸಹಾನುಭೂತಿ, ತನ್ನನ್ನು ತಾನು ಅರಿಯುವುದು, ಸಿಟ್ಟು–ದುಃಖಗಳನ್ನು ನಿಭಾಯಿಸುವುದು ಅದರಲ್ಲಿದ್ದವು. ಆ ಪಟ್ಟಿಯನ್ನು ನಮ್ಮ ತರಗತಿಗಳಿಗೆ ಒಗ್ಗಿಸಿ ಶಿಕ್ಷಕರನ್ನು ತಯಾರು ಮಾಡಿದ್ದರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ದುಡಿಮೆ ದೊಡ್ಡದು. 2019ರಲ್ಲಿ ಯುಜಿಸಿ ‘ಜೀವನ್ ಕೌಶಲ್’ ಎಂಬ ಪಠ್ಯಕ್ರಮವನ್ನು ಪದವಿ ಕಾಲೇಜುಗಳ ಮುಂದಿಟ್ಟಿತು: ಸಂವಹನ, ವೃತ್ತಿ ಕೌಶಲ, ನಾಯಕತ್ವ, ಮಾನವೀಯ ಮೌಲ್ಯ, ಎಲ್ಲ ಸೇರಿ 8 ಕ್ರೆಡಿಟ್. ನಮ್ಮ ರಾಜ್ಯದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಕೌಶಲದ ಪತ್ರಿಕೆಗಳು ಬಂದವು. 2024–25ರಲ್ಲಿ ನಾಲ್ಕು ವರ್ಷದ ಪದವಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದಾಗ ಪಠ್ಯಕ್ರಮವೂ ಮತ್ತೆ ಬದಲಾಯಿತು. ಇಷ್ಟೆಲ್ಲ ಅದಲುಬದಲಿನ ನಡುವೆಯೂ ಹಳ್ಳಿಗಾಡಿನ ಕಾಲೇಜಿನ ಹುಡುಗನ ಭಯ ಒಂದೇ ಆಗಿ ಉಳಿದಿದೆ. ಡಿಗ್ರಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಬರುತ್ತದೆ. ಅದು ಆಸರೆ, ನಿಜ. ಆ 180 ದಿನಗಳಲ್ಲಿ ಎದುರಾಗುವ ಸಂದರ್ಶನಗಳಿಗೆ ಅವನನ್ನು ತಯಾರು ಮಾಡುವುದು ಕಾಲೇಜಿನ ಪಾಲಿನ ಕೆಲಸ.

ಈ ಕೆಲಸ ಒಂದೇ ದಿನದಲ್ಲಿ ಮುಗಿದುಹೋಗುವ ಕಾಲೇಜುಗಳನ್ನೂ ಕಂಡಿದ್ದೇನೆ. ನಗರದಿಂದ ತರಬೇತುದಾರರು ಬರುತ್ತಾರೆ. ಸಭಾಂಗಣದಲ್ಲಿ ಮುನ್ನೂರು ಮಕ್ಕಳು. ‘ಗುಡ್ ಮಾರ್ನಿಂಗ್’ ಎಂದಾಗ ಸಾಲದು, ಇನ್ನೂ ಜೋರಾಗಿ ಎನ್ನುತ್ತಾರೆ. ಚಪ್ಪಾಳೆಯ ಆಟ, ಕೈ ಮೇಲೆತ್ತುವ ಆಟ. ಮಕ್ಕಳಿಗೆ ಖುಷಿಯೇನೋ ಆಗುತ್ತದೆ. ಆಮೇಲೆ ಪರದೆಯ ಮೇಲೆ ದುಂಡಗಿನ ಚಿತ್ರವೊಂದು ಮೂಡುತ್ತದೆ: ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ 7, ದನಿಯದು ಶೇ 38, ಹಾವಭಾವದ್ದು ಶೇ 55.

ಈ ಅಂಕಿಗಳ ಹಿಂದೆ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಃಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿವೆ. ಅಲ್ಲಿ ಭಾಷಣವಿರಲಿಲ್ಲ, ಸಂದರ್ಶನವೂ ಇರಲಿಲ್ಲ. ಒಂಟಿ ಒಂಟಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊಗಳನ್ನು ತೋರಿಸಿ, ಹೇಳಿದವರಿಗೆ ಎದುರಿನವರ ಮೇಲೆ ಪ್ರೀತಿಯಿದೆಯೋ ಅಸಮಾಧಾನವಿದೆಯೋ ಎಂದು ಊಹಿಸಲು ಹೇಳಿದ್ದರು. ಮಾತು ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಎಂಬಷ್ಟಕ್ಕೆ ಆ ಲೆಕ್ಕ ಹೊಂದುತ್ತದೆ. ಭಾವನೆ, ಒಲವುಗಳ ವಿಷಯ ಬಿಟ್ಟು ಬೇರೆ ಕಡೆಗೆ ಇದನ್ನು ಹಚ್ಚಬೇಡಿ ಎಂದು ಮೆಹ್ರಾಬಿಯನ್ ಅವರೇ ತಿಳಿಸಿದ್ದಾರೆ. ಆದರೂ ಆ ದುಂಡು ಚಿತ್ರ ಊರೂರು ಸುತ್ತುತ್ತಿದೆ. ಅದನ್ನು ನೋಡಿದ ಹುಡುಗಿಗೆ ತಾನು ಹೇಳುವ ವಿಷಯಕ್ಕೆ ಬೆಲೆಯೇ ಇಲ್ಲ, ನಿಲುವು, ನಗು, ಬಟ್ಟೆಯೇ ಮುಖ್ಯ ಅನ್ನಿಸಿದರೆ ಅದು ಸಣ್ಣ ನಷ್ಟವಲ್ಲ. ಅವಳ ಬಳಿ ಇರುವ ದೊಡ್ಡ ಬಂಡವಾಳವೇ ವಿಷಯ. ಸಂಘದ ಲೆಕ್ಕ ಬರೆದವಳ ಅನುಭವಕ್ಕೆ ಶೇ 7ರ ಬೆಲೆ ಕಟ್ಟುವ ಪಾಠವನ್ನು ನಾನು ಒಪ್ಪಲಾರೆ.

ಮೇಡಂ ತರಗತಿಯಲ್ಲಿ ಪರದೆಯಿಲ್ಲ. ಎರಡು ಕುರ್ಚಿಗಳಿವೆ. ಅವನ್ನು ಬೆನ್ನಿಗೆ ಬೆನ್ನು ತಾಗುವಂತೆ ಇಟ್ಟಿದ್ದಾರೆ. ಒಂದರಲ್ಲಿ ಬಿ.ಕಾಂ. ಹುಡುಗ, ಇನ್ನೊಂದರಲ್ಲಿ ಬ್ಯಾಂಕ್ ಗುಮಾಸ್ತೆಯಾಗಿ ಸಹಪಾಠಿ. ಇವತ್ತಿನದು ಫೋನಿನ ಪಾಠ. ಮುಖ ಕಾಣಬಾರದು. ಎದುರಿನವರ ಕಣ್ಸನ್ನೆ, ತಲೆಯಾಡಿಸುವಿಕೆ ಯಾವುದೂ ಸಿಗಬಾರದು. ವಿಷಯ ಎಲ್ಲರ ಮನೆಯದೇ: ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾಗಿದೆ, ದುಡ್ಡು ಖಾತೆಗೆ ಬಿದ್ದಿಲ್ಲ.

‘ಹಲೋ ಸಾರ್, ಸ್ಕಾಲರ್‌ಶಿಪ್ ಬಂದಿಲ್ಲ ಸಾರ್.’

‘ಯಾವ ಸ್ಕಾಲರ್‌ಶಿಪ್ಪು? ನಮ್ಗೇನ್ ಗೊತ್ರೀ. ಕಾಲೇಜಲ್ಲಿ ಕೇಳಿ.’ ಗುಮಾಸ್ತೆ ಫೋನಿಟ್ಟುಬಿಟ್ಟಳು. ತರಗತಿ ಹೋ ಎನ್ನುತ್ತದೆ. ಹುಡುಗನಿಗೂ ನಗು. ಮೇಡಂ ಬೋರ್ಡಿನ ಮೇಲೆ ಐದು ಸಾಲು ಹಾಕುತ್ತಾರೆ: ನಾನು ಯಾರು, ಯಾತಕ್ಕೆ ಫೋನ್ ಮಾಡಿದ್ದು, ಈಗ ಏನಾಗಿದೆ, ನಿಮ್ಮಿಂದ ಏನು ಬೇಕು, ಯಾವಾಗ ಬರಲಿ.

ಎರಡನೇ ಸಲ ಹುಡುಗ ಕಣ್ಣು ಮುಚ್ಚಿಕೊಂಡು ಶುರು ಮಾಡುತ್ತಾನೆ. ‘ನಮಸ್ಕಾರ ಮೇಡಂ. ನಾನು ಡಿಗ್ರಿ ಕಾಲೇಜಿನ ವಿದ್ಯಾರ್ಥಿ, ನಿಮ್ಮ ಬ್ರಾಂಚಲ್ಲಿ ನನ್ನ ಉಳಿತಾಯ ಖಾತೆ ಐತೆ. ಅದಕ್ಕೆ ಆಧಾರ್ ಸೀಡಿಂಗ್ ಆಗಿದೆಯಾ ಅಂತ ತಿಳ್ಕೊಳ್ಳೋಕೆ ಫೋನ್ ಮಾಡ್ದೆ.’ ಗುಮಾಸ್ತೆ ಬಿಡುವವಳಲ್ಲ. ‘ಫೋನಲ್ಲೆಲ್ಲ ಹೇಳಕ್ಕಾಗಲ್ಲ.’ ಹುಡುಗ ತಡೆಯುತ್ತಾನೆ, ಬೋರ್ಡಿನ ಕೊನೆಯ ಎರಡು ಸಾಲು ನೋಡುತ್ತಾನೆ. ‘ಸರಿ ಮೇಡಂ. ನಾಳೆ ಬಂದ್ರೆ ಯಾರನ್ನ ಕಾಣ್ಬೇಕು? ಏನೇನ್ ಕಾಗದ ತರ್ಬೇಕು? ನಾನು ಹಳ್ಳಿಯಿಂದ ಬರೋದು, ಇನ್ನೊಂದ್ಸಲ ಬರೋ ಹಂಗಾಗ್ಬಾರ್ದು, ಅದಕ್ಕೆ ಕೇಳಿದ್ದು.’ ಈ ಕೊನೆಯ ಮಾತು ಬೋರ್ಡಿನಲ್ಲಿರಲಿಲ್ಲ. ಗುಮಾಸ್ತೆಯಾಗಿದ್ದ ಹುಡುಗಿ ಮೆತ್ತಗಾದಳು. ಕೌಂಟರ್ ನಂಬರು ಹೇಳಿದಳು, ಆಧಾರ್ ಪ್ರತಿ ಮತ್ತು ಪಾಸ್‌ಬುಕ್ ತರಲು ಹೇಳಿದಳು. ಕೋಪ ಮಾಡಿಕೊಳ್ಳದೆ, ಗೋಗರೆಯದೆ, ತನ್ನ ಪರಿಸ್ಥಿತಿಯನ್ನು ಇದ್ದಂತೆ ಹೇಳಿದ್ದರಿಂದ ಕೆಲಸವಾಯಿತು. ಇದೇ ಹುಡುಗ ಅದೇ ಐದು ಸಾಲು ಹಿಡಿದು ಮುಂದಿನ ವಾರ ಇಂಗ್ಲಿಷಿನಲ್ಲಿ ಮಾತಾಡಬೇಕು. ಕನ್ನಡದಲ್ಲಿ ಜೋಡಿಸಿಕೊಂಡ ಮಾತಾದ್ದರಿಂದ ಆಗ ಹುಡುಕಬೇಕಾದದ್ದು ಹತ್ತಿಪ್ಪತ್ತು ಪದಗಳನ್ನಷ್ಟೇ. ಕಾಗದ ಯಾವುದು ತರಬೇಕು ಎಂದು ಕೇಳುವ ಧೈರ್ಯವನ್ನೂ, ಅದಕ್ಕೆ ಬೇಕಾದ ಇಂಗ್ಲಿಷನ್ನೂ ಒಂದೇ ಗಳಿಗೆಯಲ್ಲಿ ಕಲಿ ಎಂದರೆ ಎರಡೂ ಕೈಗೆ ಹತ್ತುವುದಿಲ್ಲ.

ಎಲ್ಲ ಕಾಲೇಜುಗಳಲ್ಲೂ ಆಡಿಸುವ ‘ಜಾಮ್’ ಎಂಬ ಆಟವಿದೆ. ಕೊಟ್ಟ ವಿಷಯದ ಮೇಲೆ ಒಂದು ನಿಮಿಷ, ತಡವರಿಸದೆ, ಹೇಳಿದ್ದನ್ನೇ ಹೇಳದೆ, ದಾರಿ ತಪ್ಪದೆ ಮಾತಾಡಬೇಕು. 1967ರಲ್ಲಿ ಬಿಬಿಸಿ ರೇಡಿಯೊದಲ್ಲಿ ಶುರುವಾದ ‘ಜಸ್ಟ್ ಎ ಮಿನಿಟ್’ ಕಾರ್ಯಕ್ರಮದ ನಿಯಮಗಳಿವು. ಅಲ್ಲಿ ಆಡುತ್ತಿದ್ದವರು ಮಾತಿನ ಮಲ್ಲರು, ಅದೂ ತಮ್ಮ ತಾಯ್ನುಡಿಯಲ್ಲಿ. ಮೂರನೆಯ ಭಾಷೆಯಲ್ಲಿ ಬಾಯಿ ತೆರೆಯುವ ಹುಡುಗ ತಡವರಿಸುತ್ತಿದ್ದಾನೆ ಎಂದರೆ ಯೋಚಿಸುತ್ತಿದ್ದಾನೆ. ಅದಕ್ಕೆ ಗಂಟೆ ಬಾರಿಸಿ ಕೂರಿಸಿದರೆ ಅವನು ಯೋಚಿಸುವುದನ್ನು ಬಿಟ್ಟು ಬಾಯಿಪಾಠಕ್ಕೆ ಮರಳುತ್ತಾನೆ. ಮೇಡಂ ಈ ಆಟ ಆಡಿಸುವುದನ್ನು ಬಿಟ್ಟಿದ್ದಾರೆ. ಅದರ ಬದಲು ಹುಣಸೆ ಬೀಜದ ಆಟ ತಂದಿದ್ದಾರೆ.

ಚೌಕಾಬಾರಕ್ಕೆ ಬಳಸುವ ಹುಣಸೆ ಬೀಜಗಳೇ. ಎಂಟು ಜನರನ್ನು ನೆಲದ ಮೇಲೆ ದುಂಡಗೆ ಕೂರಿಸಿ ಒಬ್ಬೊಬ್ಬರ ಕೈಗೆ ಐದು ಬೀಜ ಕೊಡುತ್ತಾರೆ. ಒಂದು ಸಲ ಮಾತಾಡಿದರೆ ಒಂದು ಬೀಜ ನಡುವಿನ ತಟ್ಟೆಗೆ. ಕೈ ಖಾಲಿಯಾದರೆ ಬಾಯಿ ಬಂದ್. ಎಲ್ಲರ ಬೀಜ ಮುಗಿಯುವತನಕ ಚರ್ಚೆಯೂ ಮುಗಿಯುವಂತಿಲ್ಲ. ಉಳಿದವರು ಸುತ್ತ ನಿಂತು ನೋಡಬೇಕು. ಇವತ್ತಿನ ವಿಷಯ: ಊರ ಜಾತ್ರೆಗೆ ಡಿಜೆ ಬೇಕೇ?

ಕಟ್ಟುಮಸ್ತಾದ ಒಬ್ಬ ಹುಡುಗ ಮೊದಲೇ ಹಾರಿ ಬೀಳುತ್ತಾನೆ. ಡಿಜೆ ಇಲ್ಲದ ಜಾತ್ರೆ ಜಾತ್ರೆಯೇ ಅಲ್ಲ. ಒಂದು ಬೀಜ. ವಯಸ್ಸಾದವರಿಗೆ ತೊಂದರೆ ಎಂದವನಿಗೆ, ವರ್ಷಕ್ಕೊಂದು ದಿನ ತಡ್ಕೋಬೇಕಪ್ಪ. ಎರಡು. ಉರುಮೆಯವರಿಗೆ ಕೆಲಸ ಹೋಯಿತು ಎಂದವಳ ಮಾತಿನ ಮಧ್ಯೆಯೇ, ಅವರಿಗೂ ಬೇರೆ ಕೆಲಸ ಸಿಗುತ್ತದೆ. ಮೂರು. ಇನ್ನೆರಡೂ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈಗ ಅವನ ಕೈ ಖಾಲಿ. ಬಾಯಿ ತೆರೆದು, ನೆನಪಾಗಿ, ಮುಚ್ಚುತ್ತಾನೆ. ಮಂಡಿ ಅಲುಗುತ್ತಿದೆ. ಎದುರು ಕೂತ ಹುಡುಗಿಯ ಕೈಯಲ್ಲಿ ಐದೂ ಬೀಜ ಹಾಗೇ ಇವೆ. ಎಲ್ಲರೂ ಅವಳನ್ನೇ ನೋಡುತ್ತಾರೆ. ಅವಳು ಒಂದು ಬೀಜವನ್ನು ತಟ್ಟೆಯ ಅಂಚಿಗೆ ಇಟ್ಟು, ‘ನಮ್ಮಪ್ಪ ಉರುಮೆ ಬಾರಿಸ್ತಾರೆ’ ಎನ್ನುತ್ತಾಳೆ.

ಮುಂದಿನ ನಾಲ್ಕು ಬೀಜಕ್ಕೂ ಅವಳ ಬಳಿ ಮಾತಿತ್ತು. ಹೋದ ವರ್ಷ ಜಾತ್ರೆಯಲ್ಲಿ ಅವರ ತಂಡಕ್ಕೆ ಕೊಟ್ಟ ದುಡ್ಡೆಷ್ಟು, ಡಿಜೆಗೆ ಕೊಟ್ಟದ್ದೆಷ್ಟು, ದೇವರನ್ನು ಗುಡಿಯಿಂದ ಹೊರಡಿಸುವಾಗ ಮಾತ್ರ ಉರುಮೆಯೇ ಆಗಬೇಕು ಎಂದು ಕರೆಯುವುದು, ಮೆರವಣಿಗೆ ಬೀದಿಗೆ ಬಂದಮೇಲೆ ಹಿಂದೆ ಸರಿಯಿರಿ ಎನ್ನುವುದು. ಅವಳ ದನಿ ಏರಲಿಲ್ಲ. ಮೇಡಂ ಆಗ ಎರಡನೇ ನಿಯಮ ತರುತ್ತಾರೆ. ಯಾರೇ ಉತ್ತರ ಕೊಡುವುದಿದ್ದರೂ ಮೊದಲು ಅವಳು ಹೇಳಿದ್ದನ್ನು ಅವಳಿಗೆ ಒಪ್ಪಿಗೆಯಾಗುವಂತೆ ತಿರುಗಿ ಹೇಳಬೇಕು. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲಿ ಹೇಳಿಕೊಟ್ಟ ಉಪಾಯವಿದು, ಇಂದಿಗೂ ಇದಕ್ಕಿಂತ ಗಟ್ಟಿಯಾದದ್ದು ನನಗೆ ಕಂಡಿಲ್ಲ. ಕಟ್ಟುಮಸ್ತಾದ ಹುಡುಗನಿಗೆ ಮೇಡಂ ಸಾಲವಾಗಿ ಒಂದು ಬೀಜ ಕೊಟ್ಟರು. ‘ಉರುಮೆಯವ್ರಿಗೆ ದುಡ್ಡು ಕಮ್ಮಿ ಕೊಡ್ತಾರೆ ಅಂತ ಅವ್ಳು ಹೇಳಿದ್ದು’ ಎಂದ. ಅವಳು ತಲೆ ಅಲ್ಲಾಡಿಸಿದಳು. ಇನ್ನೊಮ್ಮೆ ಯೋಚಿಸಿದ. ‘ಬೇಕಾದಾಗ ಕರೀತಾರೆ, ಆಮೇಲೆ ಹಿಂದೆ ತಳ್ತಾರೆ ಅಂತ.’ ಅವಳು ಹೂಂ ಎಂದಳು. ಡಿಜೆ ಬೇಕು ಎಂಬ ಅಭಿಪ್ರಾಯವನ್ನು ಅವನು ಬದಲಿಸಲಿಲ್ಲ. ಮೆರವಣಿಗೆಯ ಅರ್ಧ ದಾರಿ ಉರುಮೆ, ಅರ್ಧ ದಾರಿ ಡಿಜೆ ಇರಲಿ ಎಂದು ಸೂಚಿಸಿ, ‘ಕಮಿಟೀಲಿ ನಮ್ಮ ಚಿಕ್ಕಪ್ಪ ಅದಾರೆ, ಕೇಳ್ತೀನಿ’ ಎಂದ.

ಕರಾವಳಿ, ಮಲೆನಾಡಿನ ತಾಳಮದ್ದಳೆ ಕೂಟಗಳಲ್ಲಿ ಈ ವಿದ್ಯೆ ತಲೆಮಾರುಗಳಿಂದ ಇದೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹೇಳಿದಮೇಲೆ ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಎದುರುಬದುರು ಮಾತಾಡಬೇಕು, ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ರಾಮದಾಸ ಸಾಮಗರಂಥವರು ಅಲ್ಲಿ ಹೆಸರಾದದ್ದು ನಿರರ್ಗಳತೆಯೊಂದರಿಂದಲೇ ಅಲ್ಲ. ಎದುರಾಳಿ ಎತ್ತಿದ ಎಳೆಯನ್ನು ಕಿವಿಗೊಟ್ಟು ಹಿಡಿದು, ಅದಕ್ಕೇ ತಮ್ಮ ಮಾತನ್ನು ಹೆಣೆಯಬಲ್ಲವರಾಗಿದ್ದರು. ಈ ಜಿಲ್ಲೆಯಲ್ಲಿಯೂ ಆಸ್ತಿ ಕಡಿಮೆಯೇನಿಲ್ಲ. ಬಯಲಾಟದ ಊರುಗಳಿವೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ಶಿವಸಂಚಾರದ ನಾಟಕಗಳು ನಾಡಿನುದ್ದ ತಿರುಗುತ್ತಿವೆ. ಹೊಟ್ಟೆಯಿಂದ ಉಸಿರೆಳೆದು, ಕಿರುಚದೆ, ಕೊನೆಯ ಬೆಂಚಿಗೆ ಕೇಳುವಂತೆ ದನಿ ಎಸೆಯುವುದನ್ನು ಕಲಿಸಲು ಒಬ್ಬ ರಂಗಕರ್ಮಿ ನಾಲ್ಕು ದಿನ ಕಾಲೇಜಿಗೆ ಬಂದರೂ ಸಾಕು. ಕಾಲೇಜುಗಳು ಇಂಥವರನ್ನು ವಾರ್ಷಿಕೋತ್ಸವಕ್ಕೆ ಕರೆದು ಹಾರ ಹಾಕುತ್ತವೆ. ತರಗತಿಗೆ ಕರೆಯಬೇಕು.

ಸಂದರ್ಶನದ ತಾಲೀಮಿನ ದಿನ ಹುಡುಗಿಯರ ಸಾಲಿನಿಂದ ಬಂದ ಒಂದು ಪ್ರಶ್ನೆ ಪಾಠವನ್ನೇ ತಿರುಗಿಸಿಬಿಟ್ಟಿತು. ‘ಮೇಡಂ, ಕಂಪನಿಯವ್ರು ಸೆಲೆಕ್ಟ್ ಮಾಡ್ಬಹುದು. ನಮ್ಮಪ್ಪ ಮಾಡ್ಬೇಕಲ್ಲ?’ ನಗು ಎದ್ದಿತು, ಹುಡುಗಿಯರ ಸಾಲಿನಲ್ಲಿ ಮಾತ್ರ ಯಾರೂ ನಗಲಿಲ್ಲ. ಮೇಡಂ ಕುರ್ಚಿಗಳನ್ನು ಈ ಸಲ ಎದುರುಬದುರು ಇಟ್ಟರು. ಅಪ್ಪನ ಪಾತ್ರಕ್ಕೆ ಕುರಿ ಸಂತೆಯ ಹುಡುಗ ಬಂದ. ಹೆಗಲ ಮೇಲೆ ಟವೆಲ್ ಎಂದು ಯಾರದೋ ಕರ್ಚೀಫು ಹಾಕಿಕೊಂಡ.

‘ಅಪ್ಪಾಜಿ, ಬೆಂಗಳೂರಲ್ಲಿ ಕೆಲ್ಸ ಸಿಕ್ಕೈತೆ. ಹೋಗ್ತೀನಿ.’

‘ಯಾಕವ್ವ, ಇಲ್ಲಿ ಉಣ್ಣಕ್ಕೆ ಕಮ್ಮಿ ಆಗೈತಾ?’

‘ಹಂಗಲ್ಲಪ್ಪಾಜಿ, ಅಣ್ಣನ್ನ ಕಳ್ಸಿದ್ರಿ, ನನ್ನ ಯಾಕೆ...’

‘ಅವ್ನು ಗಂಡು ಹುಡ್ಗ.’

ಅಲ್ಲಿಗೆ ಅವಳ ಮಾತು ಕಟ್ಟಿತು. ಕಣ್ಣಂಚು ಕೆಂಪಾಗಿತ್ತು. ಮೇಡಂ ಆತುರಪಡಲಿಲ್ಲ. ‘ಅಪ್ಪ ನಿಜವಾಗ್ಲೂ ಯಾವುದಕ್ಕೆ ಹೆದ್ರುತಾರೆ? ಅದನ್ನ ನೀನು ಊಹೆ ಮಾಡ್ಬೇಡ. ಅವ್ರ ಬಾಯಿಂದ್ಲೇ ಬರ್ಲಿ, ಕೇಳು’ ಎಂದರು. ಇನ್ನೊಮ್ಮೆ ಕೂತರು. ‘ಅಪ್ಪಾಜಿ, ನಾನು ಹೋದ್ರೆ ನಿಮ್ಗೆ ಯಾವ ಚಿಂತೆ ಐತೆ, ಹೇಳಿ.’ ಅಪ್ಪನಾಗಿದ್ದ ಹುಡುಗ ಈ ಪ್ರಶ್ನೆಗೆ ತಯಾರಿರಲಿಲ್ಲ. ಯೋಚಿಸಿ, ತನ್ನ ಅಕ್ಕನನ್ನು ನೆನೆದನೋ ಏನೋ, ನಿಧಾನವಾಗಿ ಹೇಳಿದ, ‘ರಾತ್ರಿ ಪಾಳಿ ಅಂತಾರೆ. ಎಲ್ಲಿ ಇರ್ತೀಯ, ಯಾರ್ ಜತೆ ಬರ್ತೀಯ ನಂಗೆ ಗೊತ್ತಾಗಲ್ಲ. ನಾಳೆ ಜನ ಏನಂತಾರೆ ಅಂತ ನಿಮ್ಮವ್ವ ನಿದ್ದೆ ಮಾಡಲ್ಲ.’ ಅವಳಿಗೆ ಈಗ ಉತ್ತರ ಕೊಡಲು ಹಿಡಿತ ಸಿಕ್ಕಿತು. ಪಾಳಿಯ ವೇಳೆ ಕೇಳಿ ಬರೆಸಿಕೊಳ್ಳುತ್ತೇನೆ. ಕಂಪನಿಯ ಕ್ಯಾಬ್ ಇದೆಯೋ ಇಲ್ಲವೋ ನೋಡುತ್ತೇನೆ. ಸೋದರತ್ತೆ ಬೆಂಗಳೂರಲ್ಲೇ ಇದ್ದಾರೆ, ಮೊದಲ ತಿಂಗಳು ಅವರ ಮನೆ. ಪಿ.ಜಿ. ನೋಡಲು ನೀವೂ ಬನ್ನಿ. ಮೂರು ತಿಂಗಳು ನೋಡೋಣ, ಸರಿಬರದಿದ್ದರೆ ವಾಪಸ್. ‘ಹಂಗೆ ಅಂದ್ರೆ ನೋಡಾನ’ ಎಂದು ಅಪ್ಪ ಕರ್ಚೀಫು ಕೊಡವಿದ.

ಆ ತರಗತಿಯಲ್ಲಿ ನಡೆದ ಸಂದರ್ಶನಗಳಲ್ಲೆಲ್ಲ ಕಠಿಣವಾದದ್ದು ಇದೇ. ಕಂಪನಿಯ ಎಚ್.ಆರ್. ಕೇಳುವ ಹತ್ತು ಪ್ರಶ್ನೆಗಳಿಗೆ ಪುಸ್ತಕಗಳಿವೆ. ಮನೆಯ ಪಡಸಾಲೆಯಲ್ಲಿ ನಡೆಯುವ ಮಾತುಕತೆಗೆ ಯಾವ ಗೈಡೂ ಇಲ್ಲ. ಎಷ್ಟೋ ಹುಡುಗಿಯರ ಕೆಲಸ ಕೈತಪ್ಪುವುದು ಅಲ್ಲಿಯೇ. ಇದನ್ನು ತಾಲೀಮು ಮಾಡಿಸದ ಪಠ್ಯಕ್ರಮ ಅರ್ಧಕ್ಕೆ ನಿಂತ ಪಠ್ಯಕ್ರಮ.

ಎನ್ನೆಸ್ಸೆಸ್ ಶಿಬಿರದ ಮಾತನ್ನೂ ಹೇಳಬೇಕು. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆಯಿದು. ಅದರ ಏಳು ದಿನಗಳ ಶಿಬಿರದಲ್ಲಿ ಐವತ್ತು ಜನಕ್ಕೆ ಅನ್ನ ಬೇಯಿಸುವ, ಪಾತ್ರೆ ತೊಳೆಯುವ, ಚರಂಡಿ ಎತ್ತುವ, ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವ ಮಕ್ಕಳು ಪಾಳಿ ಹಂಚಿಕೊಳ್ಳಲು ಜಗಳಾಡುತ್ತಾರೆ, ರಾಜಿಯಾಗುತ್ತಾರೆ. ನಾಯಕತ್ವ, ತಂಡದ ಕೆಲಸ ಎಂದು ಪುಸ್ತಕದಲ್ಲಿ ಅಧ್ಯಾಯಗಳಾಗಿರುವ ವಿಷಯಗಳು ಅಲ್ಲಿ ಸೌದೆ ಒದ್ದೆಯಾದ ಬೆಳಿಗ್ಗೆ ತಾವಾಗಿಯೇ ನಡೆದುಹೋಗುತ್ತವೆ.

ಪರೀಕ್ಷೆಯ ಹೊತ್ತಿಗೆ ಮಾತ್ರ ಎಲ್ಲವೂ ಕಾಗದಕ್ಕೆ ಇಳಿಯುತ್ತದೆ. ‘ಸಂವಹನದ ತಡೆಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಆರು ಪುಟ ಬರೆದವನು ಹತ್ತಕ್ಕೆ ಎಂಟು ಪಡೆಯುತ್ತಾನೆ. ಅವನು ಒಮ್ಮೆಯೂ ಬಾಯಿ ತೆರೆದಿರದಿದ್ದರೂ ಆದೀತು. ಈಜನ್ನು ದಡದಲ್ಲಿ ಬರೆಸಿ ಅಂಕ ಕೊಟ್ಟ ಹಾಗೆ ಇದು. ಮೇಡಂ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಪ್ರತಿ ಹೆಸರಿನ ಮುಂದೆ ತಾರೀಖು, ಅವತ್ತು ಆ ಹುಡುಗ ಅಥವಾ ಹುಡುಗಿ ಹೊಸದಾಗಿ ಮಾಡಿದ ಒಂದು ಕೆಲಸ: ‘ಮೊದಲ ಸಲ ಪ್ರಶ್ನೆ ಕೇಳಿದ’, ‘ಪಕ್ಕದವಳು ಮುಗಿಸುವತನಕ ಕಾದ’, ‘ಗೊತ್ತಿಲ್ಲ ಎಂದು ಒಪ್ಪಿಕೊಂಡಳು’. ಆಂತರಿಕ ಅಂಕಗಳನ್ನು ಅವರು ಇದನ್ನು ನೋಡಿಯೇ ಕೊಡುತ್ತಾರೆ. ಇಂಥ ಪುಸ್ತಕ ಇಡಬೇಕಾದರೆ ಮುಖಗಳ ಪರಿಚಯವಿರಬೇಕು, ತರಗತಿಯಲ್ಲಿ ಮೂವತ್ತು–ನಲವತ್ತಕ್ಕಿಂತ ಹೆಚ್ಚು ಮಕ್ಕಳಿರಬಾರದು, ಮೇಷ್ಟ್ರು ವರ್ಷವಿಡೀ ಅದೇ ಕಾಲೇಜಿನಲ್ಲಿರಬೇಕು. ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಯಾವ ಕಾಲೇಜು ಎಂಬುದೇ ಖಾತ್ರಿಯಿಲ್ಲದಿರುವಾಗ ಮಕ್ಕಳಲ್ಲಿ ಆತ್ಮವಿಶ್ವಾಸ ತುಂಬಿ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ. ಸಾಫ್ಟ್ ಸ್ಕಿಲ್ಸ್‌ಗೆ ಹಣ ಒದಗಿಸುವವರು ಬ್ಯಾನರು, ಪರದೆ, ಪ್ರಮಾಣಪತ್ರಗಳಿಗಿಂತ ಮೊದಲು ಈ ನೆಲೆ ಒದಗಿಸಲಿ.

ಈಗ ಈ ತರಗತಿಯ ಕೈಯಲ್ಲಿ ಒಂದು ಕೆಲಸವಿದೆ. ಮೂರು ಹಳ್ಳಿಗಳ ಕಡೆ ಹೋಗುವ ಬಸ್ಸು ಕೊನೆಯ ಪೀರಿಯಡ್ಡು ಮುಗಿಯುವ ಮೊದಲೇ ಹೊರಟುಬಿಡುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಟಿಕೆಟಿನ ಚಿಂತೆ ತಪ್ಪಿದೆ, ಆದರೆ ಹೊರಟುಹೋದ ಬಸ್ಸಿಗೆ ಟಿಕೆಟು ಇದ್ದರೇನು, ಇಲ್ಲದಿದ್ದರೇನು? ಡಿಪೊ ಮ್ಯಾನೇಜರರನ್ನು ಕಾಣಲು ನಾಲ್ವರನ್ನು ಆರಿಸಿದ್ದಾರೆ. ಕೂಗಾಡುವವರು ಬೇಡ ಎಂದು ಕೆಲವರು, ಕೂಗದಿದ್ದರೆ ಯಾರೂ ಕೇಳುವುದಿಲ್ಲ ಎಂದು ಕೆಲವರು ವಾದ ಮಾಡಿ, ಕೊನೆಗೆ ಸಂಘದ ಲೆಕ್ಕದ ಹುಡುಗಿ, ಫೋನಿನ ಹುಡುಗ, ಉರುಮೆಯವರ ಮಗಳು ಮತ್ತು ಡಿಜೆ ಪಕ್ಷದವನು ಹೋಗಿಬಂದರು. ಮ್ಯಾನೇಜರು ಕೂರಿಸಿ ಮಾತಾಡಿಸಿದರಂತೆ. ಬಸ್ಸನ್ನು ಇಪ್ಪತ್ತೈದು ನಿಮಿಷ ತಡವಾಗಿ ಬಿಟ್ಟರೆ ಮುಂದಿನ ಊರಿನ ಹೈಸ್ಕೂಲ್ ಮಕ್ಕಳಿಗೆ ತೊಂದರೆಯಾಗುತ್ತದೆ, ಅದಕ್ಕೇನು ಮಾಡೋಣ ಎಂದು ಕೇಳಿದರಂತೆ. ಇವರಿಗೆ ಅದು ಹೊಳೆದಿರಲಿಲ್ಲ. ‘ನಾವು ವಿಚಾರಿಸ್ಕೊಂಡು ಬರ್ತೀವಿ ಸಾರ್, ಸೋಮವಾರ ಬಂದ್ರೆ ಸಿಗ್ತೀರಾ?’ ಎಂದು ಕೇಳಿ ಎದ್ದು ಬಂದಿದ್ದಾರೆ. ಇಬ್ಬರು ಆ ಹೈಸ್ಕೂಲಿನ ಹೆಡ್‌ಮಾಸ್ಟರನ್ನು ಕಾಣಲು ಹೋಗಬೇಕು. ಇನ್ನಿಬ್ಬರು ಯಾವ ಊರಿಗೆ ಎಷ್ಟು ಮಕ್ಕಳು ಎಂದು ತರಗತಿ ತರಗತಿಗೆ ಹೋಗಿ ಹೆಸರು ಬರೆಸಿಕೊಳ್ಳುತ್ತಿದ್ದಾರೆ. ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ, ಬಿ.ಎಸ್ಸಿ.ಯವರದು ಬಾಕಿಯಿದೆ.